ಓರೆ ಅಕ್ಷರವೂ ಮಲೆನಾಡಿನ ಮೋಡಿಯೂ

ಇಟಾಲಿಕ್ ಎಂದು ಹೆಸರಾದ ಲ್ಯಾಟಿನ್ ಲಿಪಿಯ ಓರೆ ಅಕ್ಷರವು ನೇರ ಅಕ್ಷರವನ್ನು ಬಲಕ್ಕೆ ವಾಲಿಸಿ ಮಾಡಿದ್ದಲ್ಲ. 15ನೇ ಶತಮಾನದ ಇಟಲಿಯ ವಿದ್ವಾಂಸರೂ ಕಚೇರಿಯ ಬರಹಗಾರರೂ ಲೇಖನಿಯನ್ನು ಆದಷ್ಟು ಎತ್ತದೆ ಬರೆಯುತ್ತಿದ್ದ ಓಡುಬರಹವನ್ನು ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಿ ಅಚ್ಚುಮೊಳೆಗೆ ಇಳಿಸಿದನು. ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲಿ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿದು ಓದುವಷ್ಟು ಚಿಕ್ಕ ಪುಸ್ತಕವಾಗಿ ಅದೇ ಅಕ್ಷರದಲ್ಲಿ ಪ್ರಕಟಿಸಿದನು. ಗೆರೆಗಳ ತುದಿಯಲ್ಲಿ ಉಳಿದಿರುವ ಸಣ್ಣ ಕೊಂಡಿಗಳು, ಅಂದರೆ ಸೆರಿಫ್‌ಗಳು, ಲೇಖನಿ ಕಾಗದಕ್ಕೆ ಇಳಿದ ಮತ್ತು ಬಿಟ್ಟ ಜಾಗವನ್ನು ತೋರಿಸುತ್ತವೆ. ಇಡೀ ಪುಸ್ತಕದ ಅಕ್ಷರವಾಗಿದ್ದ ಅದು ಕಾಲಕ್ರಮದಲ್ಲಿ ಒತ್ತಿ ಹೇಳಬೇಕಾದ ಮಾತು, ಗ್ರಂಥದ ಹೆಸರು, ಪರಭಾಷೆಯ ಪದ ಇವುಗಳನ್ನು ಗುರುತಿಸುವುದಕ್ಕೆ ಮೀಸಲಾಯಿತು.

ಮಲೆನಾಡಿನ ಕಳಸ ಎಂಬ ಊರಿನ ಸುತ್ತಣ ಕಾಫಿ ಸೀಮೆಗೆ ಓರೆ ಅಕ್ಷರದ ನಂಟು ಸಸ್ಯಶಾಸ್ತ್ರದ ಮೂಲಕ ಬಂದದ್ದು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕಾಫಿ ಗಿಡಕ್ಕೆ ಇಟ್ಟ ‘ಕಾಫಿಯ ಅರೇಬಿಕ’ ಎಂಬ ಹೆಸರನ್ನೂ ಎಲೆತುಕ್ಕು ರೋಗದ ಶಿಲೀಂಧ್ರಕ್ಕಿರುವ ‘ಹೆಮಿಲಿಯ ವ್ಯಾಸ್ಟಾಟ್ರಿಕ್ಸ್’ ಎಂಬ ಹೆಸರನ್ನೂ ಇಂಗ್ಲಿಷ್ ಬರಹದಲ್ಲಿ ಓರೆಯಾಗಿ ಅಚ್ಚಿಸುವುದು ರೂಢಿ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಶಾಸ್ತ್ರ ಇಂಥ ಹೆಸರುಗಳ ಮೇಲೆಯೇ ನಿಂತಿದೆ. ಕನ್ನಡಕ್ಕೆ ಬಂದಾಗ ಅವು ಕಂಸದೊಳಗೋ ಉದ್ಧರಣ ಚಿಹ್ನೆಯೊಳಗೋ ಸೇರಿಕೊಳ್ಳುತ್ತವೆ, ಏಕೆಂದರೆ ಕನ್ನಡದ ಅಚ್ಚಿನಲ್ಲಿ ಓರೆ ಅಕ್ಷರ ನೆಲೆಯೂರಲಿಲ್ಲ.

ಕನ್ನಡಕ್ಕೆ ಓಡುಬರಹವೇ ಇರಲಿಲ್ಲವೆಂದು ಇದರಿಂದ ತಿಳಿಯುವುದು ತಪ್ಪು. ಬಿ.ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 6ನೇ ಸಂಪುಟದಲ್ಲಿ ಕಡೂರು ಜಿಲ್ಲೆಯ ಶಾಸನಗಳೊಡನೆ ಪ್ರಕಟಿಸಿದ ಕಳಸದ ಕಲ್ಲುಬರಹಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಉಳಿ ಹಿಡಿದವನಿಗೆ ಅವಸರ ಸಲ್ಲದು. ಆದರೆ ಅದೇ ಮಲೆನಾಡಿನ ಶೃಂಗೇರಿ ಮಠದಲ್ಲಿ ಲೆಕ್ಕಪತ್ರ, ಆಜ್ಞೆ, ಓಲೆಗಳನ್ನು ಕಡತಗಳಲ್ಲಿ ಬರೆದಿಡಲಾಗುತ್ತಿತ್ತು. ಕಡತವೆಂದರೆ ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಸೇರಿಸಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಅಕ್ಷರವೇ ಮೋಡಿ, ಕೈ ಎತ್ತದೆ ಅಕ್ಷರಕ್ಕೆ ಅಕ್ಷರವನ್ನು ಕೂಡಿಸುತ್ತ ಸಾಗುವ ಕನ್ನಡ. ಕೆಳದಿ ಗುಂಡಾಜೋಯಿಸರು, ಎ.ಕೆ. ಶಾಸ್ತ್ರಿಗಳು ಮೊದಲಾದ ಕೆಲವೇ ವಿದ್ವಾಂಸರು ಇಂಥ ಕಡತಗಳನ್ನು ಓದಿ ಇತಿಹಾಸಕ್ಕೆ ಒದಗಿಸಿದ್ದು ದೊಡ್ಡ ಉಪಕಾರ.

1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನು ನಯವಾದ ಕಲ್ಲಿನಿಂದ ಕಾಗದಕ್ಕೆ ಒತ್ತುವ ವಿಧಾನದಲ್ಲಿ. ಆ ಬಳಿಕ ಬಾಸೆಲ್ ಮಿಷನ್ ಮುದ್ರಣಾಲಯವು ಅಚ್ಚುಮೊಳೆಗೆ ಹೊರಳಿ 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತರುವ ಹೊತ್ತಿಗೆ ದುಂಡಗಿನ ಬಿಡಿ ಅಕ್ಷರವೇ ಕನ್ನಡ ಅಚ್ಚಿನ ಮುಖವಾಗಿತ್ತು, ಮೋಡಿ ಕಡತಗಳಲ್ಲೇ ಉಳಿಯಿತು. ಕಳಸದ ಬದಿಯಲ್ಲಿ ಹರಿಯುವ ಭದ್ರೆಯ ಜೊತೆಗೇ ಗಂಗಾಮೂಲದಲ್ಲಿ ಹುಟ್ಟುವ ನದಿಯ ಹೆಸರುಳ್ಳ ‘ತುಂಗಾ’ ಫಾಂಟ್ 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ಬಂದಾಗಲೂ ಅದಕ್ಕೆ ಬೇರೆಯಾದ ಓರೆ ರೂಪವಿರಲಿಲ್ಲ. ಗಣಕಯಂತ್ರವು ನೇರ ಅಕ್ಷರವನ್ನೇ ವಾಲಿಸಿ ತೋರಿಸುವುದರಿಂದ ತಲೆಕಟ್ಟು ಬಲಕ್ಕೂ ಒತ್ತಕ್ಷರ ಎಡಕ್ಕೂ ಜರುಗಿ ಅಕ್ಷರದ ದುಂಡು ಕೆಡುತ್ತದೆ. ಕನ್ನಡಕ್ಕೆ ನಿಜವಾದ ಓರೆ ಅಕ್ಷರವನ್ನು ರೂಪಿಸಬಯಸುವ ವಿನ್ಯಾಸಕರು ವೆನಿಸ್ಸಿನ ಮಾದರಿಗಿಂತ ಮೊದಲು ಶೃಂಗೇರಿ ಮತ್ತು ಕೆಳದಿಯ ಕಡತಗಳನ್ನು ಬಿಚ್ಚಿ ನೋಡಬೇಕು.