ಎಲೆಯಿಂದ ಗುಳಿಗೆಯವರೆಗೆ: ಹಸಿರು ಚಹಾದ ಆರೋಗ್ಯ ವಿಚಾರ ಬೆಳೆದುಬಂದ ಬಗೆ

ಹಸಿರು ಚಹಾ ಮತ್ತು ಕಪ್ಪು ಚಹಾ ಎರಡೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆಗಳಿಂದ ಬರುವ ಪಾನೀಯಗಳು. ಅವುಗಳ ನಡುವಿನ ವ್ಯತ್ಯಾಸವೆಲ್ಲ ಕೊಯ್ದ ಎಲೆಯನ್ನು ಹದಗೊಳಿಸುವ ರೀತಿಯಲ್ಲಿದೆ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟಾಗ ಅದರೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಒಗರು ರುಚಿಯ ಕ್ಯಾಟೆಚಿನ್‌ಗಳನ್ನು ಆಮ್ಲಜನಕದೊಂದಿಗೆ ಬೆರೆಸಿ ಕೆಂಪು-ಕಂದು ಬಣ್ಣದ ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳನ್ನಾಗಿ ಮಾರ್ಪಡಿಸುತ್ತದೆ, ಆಗ ದೊರೆಯುವುದು ಕಪ್ಪು ಚಹಾ. ಕೊಯ್ದ ಕೂಡಲೇ ಎಲೆಯನ್ನು ಜಪಾನಿನ ಪದ್ಧತಿಯಂತೆ ಹಬೆಯಲ್ಲಿ ಬೇಯಿಸಿದರೆ, ಅಥವಾ ಚೀನಾದ ಪದ್ಧತಿಯಂತೆ ಕಾದ ಬಾಣಲೆಯಲ್ಲಿ ಹುರಿದರೆ, ಆ ಕಿಣ್ವವು ಶಾಖಕ್ಕೆ ನಿಷ್ಕ್ರಿಯವಾಗಿ, ಕ್ಯಾಟೆಚಿನ್‌ಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಹಸಿರು ಚಹಾದ ಹಿತ ಮತ್ತು ಅಹಿತಗಳ ಕುರಿತು ಕಳೆದ ನೂರು ವರ್ಷಗಳಲ್ಲಿ ನಡೆದಿರುವ ಚರ್ಚೆ ಬಹುಪಾಲು ಹೀಗೆ ಉಳಿದುಕೊಂಡ ಕ್ಯಾಟೆಚಿನ್‌ಗಳ ಸುತ್ತಲೇ ಸುತ್ತಿದೆ. ಈ ಚರ್ಚೆ ಬಟ್ಟಲಿನಿಂದ ಅಣುವಿಗೆ, ಅಣುವಿನಿಂದ ಗುಳಿಗೆಗೆ ಸಾಗಿದಂತೆಲ್ಲ ಹೊಗಳಿಕೆಯ ಜೊತೆಗೆ ಅಪಾಯವೂ ಬೆಳೆದುಬಂದದ್ದನ್ನು ಇದರ ಇತಿಹಾಸ ತೋರಿಸುತ್ತದೆ.

ಚಹಾವನ್ನು ಮದ್ದೆಂದು ಕಂಡ ದೃಷ್ಟಿ ವಿಜ್ಞಾನಕ್ಕಿಂತ ಬಹಳ ಹಳೆಯದು. ಚೀನಾದಲ್ಲಿ ಎಂಟನೆಯ ಶತಮಾನದ ಲು ಯು ಚಹಾದ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ರಚಿಸಿದನು. ಜಪಾನಿನ ಝೆನ್ ಭಿಕ್ಷು ಐಸಾಯ್ 1211ರಲ್ಲಿ ಬರೆದ ‘ಕಿಸ್ಸಾ ಯೋಜೋಕಿ’ ಎಂಬ ಕೃತಿಯು ಚಹಾ ಸೇವನೆಯಿಂದ ದೇಹವನ್ನು ಪೋಷಿಸುವ ಬಗೆಯನ್ನು ವಿವರಿಸುತ್ತದೆ. ಪ್ರತಿಯೊಂದು ಅಂಗಕ್ಕೂ ಒಂದೊಂದು ರುಚಿ ಹಿತವೆಂಬ ಅಂದಿನ ವೈದ್ಯಕೀಯ ನಂಬಿಕೆಯನ್ನು ಅನುಸರಿಸಿ, ಹೃದಯಕ್ಕೆ ಬೇಕಾದ ಕಹಿ ರುಚಿಯನ್ನು ಚಹಾ ಒದಗಿಸುತ್ತದೆಂಬುದು ಅವನ ವಾದ. 1214ರಲ್ಲಿ ಮದ್ಯಪಾನದ ಮರುದಿನದ ಜಡತೆಯಿಂದ ಬಳಲುತ್ತಿದ್ದ ಶೋಗುನ್ ಮಿನಾಮೊತೊ ಸನೆತೊಮೊನಿಗೆ ಐಸಾಯ್ ಚಹಾದ ಜೊತೆಗೆ ಈ ಗ್ರಂಥವನ್ನೂ ಅರ್ಪಿಸಿದನೆಂದು ಅಲ್ಲಿನ ಚರಿತ್ರೆಯಲ್ಲಿ ದಾಖಲಾಗಿದೆ. ಆ ಸಂದರ್ಭದಲ್ಲಿ ಕೆಲಸ ಮಾಡಿದ್ದು ಕೆಫೀನ್ ಎಂದು ಇಂದಿನ ಓದುಗರು ಊಹಿಸಿದರೆ ತಪ್ಪೇನಿಲ್ಲ.

ಯುರೋಪಿಗೆ ಹಸಿರು ಚಹಾ ತಲುಪಿದಾಗ ಅದರ ಮೊದಲ ದೋಷ ಎಲೆಯಲ್ಲಿರದೆ ವ್ಯಾಪಾರದಲ್ಲಿತ್ತು. 1840ರ ದಶಕದಲ್ಲಿ ಚೀನಾದ ಒಳನಾಡಿನಲ್ಲಿ ಸಂಚರಿಸಿದ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ಫಾರ್ಚ್ಯೂನ್, ಹಸಿರು ಮತ್ತು ಕಪ್ಪು ಚಹಾಗಳು ಬೇರೆ ಬೇರೆ ಗಿಡಗಳಿಂದ ಬರುತ್ತವೆಂಬ ಪಾಶ್ಚಾತ್ಯರ ಗ್ರಹಿಕೆಯನ್ನು ತಿದ್ದಿದ್ದಲ್ಲದೆ, ರಫ್ತಿಗೆ ಸಿದ್ಧಪಡಿಸುತ್ತಿದ್ದ ಎಲೆಗಳಿಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನೂ ಜಿಪ್ಸಮ್ಮನ್ನೂ ಬೆರೆಸುತ್ತಿದ್ದುದನ್ನು, ಆ ಕೆಲಸಗಾರರ ಕೈಗಳು ನೀಲಿಗಟ್ಟಿದ್ದುದನ್ನು ಕಣ್ಣಾರೆ ಕಂಡು ವರದಿ ಮಾಡಿದನು. ಹಸಿರು ಚಹಾ ಹೆಚ್ಚು ಹಸಿರಾಗಿ ಕಾಣಬೇಕೆಂಬ ವಿದೇಶಿ ಗ್ರಾಹಕರ ಬಯಕೆಯೇ ಈ ಕಲಬೆರಕೆಗೆ ಕಾರಣವಾಗಿತ್ತು.

ರಸಾಯನಶಾಸ್ತ್ರದ ಘಟ್ಟ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಪಾನಿನಲ್ಲಿ ಆರಂಭವಾಯಿತು. ಅದರ ಮುಖ್ಯ ಹೆಸರು ಮಿಚಿಯೊ ತ್ಸುಜಿಮುರಾ. ಈಕೆ ಸೆಯಿತಾರೊ ಮಿಯುರಾ ಅವರೊಡನೆ 1924ರಲ್ಲಿ ಹಸಿರು ಚಹಾದಲ್ಲಿ ವಿಟಮಿನ್ ಸಿ ಇರುವುದನ್ನು ತೋರಿಸಿದರು; 1929ರಲ್ಲಿ ಅದರಿಂದ ಕ್ಯಾಟೆಚಿನನ್ನು ಬೇರ್ಪಡಿಸಿದರು; 1932ರಲ್ಲಿ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆಯಾದರು. 1949ರಲ್ಲಿ ಯಾಜಿರೊ ಸಕಾತೊ ಅವರು ನೆರಳಿನಲ್ಲಿ ಬೆಳೆಸಿದ ಗ್ಯೊಕುರೊ ಚಹಾದಿಂದ ಥಿಯಾನಿನ್ ಎಂಬ ಅಮೈನೊ ಆಮ್ಲವನ್ನು ಗುರುತಿಸಿದರು. ಹಸಿರು ಚಹಾದ ಸಿಹಿ ಛಾಯೆಯ ರುಚಿಗೆ ಕಾರಣವಾದ ಈ ವಸ್ತು ಕೆಫೀನಿನ ಚುರುಕನ್ನು ತುಸು ಮೃದುಗೊಳಿಸುತ್ತದೆಂದು ಹೇಳಲಾಗುತ್ತದೆ. ಕ್ಯಾಟೆಚಿನ್ ಕುಟುಂಬದಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವುದು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್, ಅಂದರೆ ಸಂಕ್ಷಿಪ್ತವಾಗಿ ಇಜಿಸಿಜಿ. ಮುಂದಿನ ಕಥೆಯೆಲ್ಲ ಇದರದೇ.

1987ರಲ್ಲಿ ಹಿರೋಟಾ ಫುಜಿಕಿ ಮತ್ತು ಅವರ ಸಂಗಡಿಗರು ಇಲಿಯ ಚರ್ಮಕ್ಕೆ ಇಜಿಸಿಜಿಯನ್ನು ಹಚ್ಚಿದಾಗ, ಗಡ್ಡೆ ಬೆಳೆಯಲು ಪ್ರಚೋದಿಸುವ ರಾಸಾಯನಿಕದ ಪರಿಣಾಮ ಕುಗ್ಗುವುದನ್ನು ಪ್ರಕಟಿಸಿದರು. ಅದೇ ಅವಧಿಯಲ್ಲಿ ಚಹಾ ಬೆಳೆಗೆ ಹೆಸರಾದ ಶಿಜುವೊಕಾ ಪ್ರಾಂತದಲ್ಲಿ ಜಠರದ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಕಡಿಮೆಯಿರುವುದನ್ನು ಸಂಶೋಧಕರು ಗಮನಿಸಿದ್ದರು. ಪ್ರಯೋಗಾಲಯದ ಫಲಿತಾಂಶ ಮತ್ತು ಜನಸಮುದಾಯದ ಅಂಕಿಅಂಶ ಒಂದನ್ನೊಂದು ಪುಷ್ಟೀಕರಿಸುವಂತೆ ಕಂಡದ್ದರಿಂದ, ಹಸಿರು ಚಹಾ ಕ್ಯಾನ್ಸರನ್ನು ತಡೆಯುತ್ತದೆಂಬ ಮಾತು ಪತ್ರಿಕೆಗಳಿಗೆ, ಅಲ್ಲಿಂದ ಅಂಗಡಿಗಳ ಪೊಟ್ಟಣಗಳ ಮೇಲಕ್ಕೆ ಬೇಗನೆ ಹಬ್ಬಿತು. ಆದರೆ ಇಲಿಯ ಚರ್ಮದ ಮೇಲೆ ಹಚ್ಚಿದ ವಸ್ತುವಿಗೂ ಮನುಷ್ಯನ ಕರುಳಿನ ಮೂಲಕ ಹಾದುಹೋಗುವ ಪಾನೀಯಕ್ಕೂ ಬಹಳ ಅಂತರವಿದೆ: ಕುಡಿದ ಇಜಿಸಿಜಿಯ ಅತ್ಯಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ, ಆದ್ದರಿಂದ ಗಾಜಿನ ಕೊಳವೆಯಲ್ಲಿ ಜೀವಕೋಶಗಳನ್ನು ತಡೆದ ಸಾಂದ್ರತೆ ದೇಹದೊಳಗೆ ಸಾಮಾನ್ಯವಾಗಿ ಉಂಟಾಗುವುದೇ ಇಲ್ಲ.

ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದ್ದೂ ಜಪಾನಿನ ವಿಜ್ಞಾನಿಗಳೇ. ಸಾವಿರಾರು ಜನರ ಅಭ್ಯಾಸಗಳನ್ನು ಮೊದಲು ಬರೆದಿಟ್ಟುಕೊಂಡು, ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಯಾವ ಕಾಯಿಲೆ ಬಂದಿತೆಂದು ನೋಡುವ ವಿಧಾನಕ್ಕೆ ಸಮೂಹ ಅಧ್ಯಯನವೆನ್ನುತ್ತಾರೆ. ಸೈತಾಮಾ ಪ್ರಾಂತದ 8,552 ಜನರನ್ನು 1986ರಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, ದಿನಕ್ಕೆ ಹತ್ತಕ್ಕಿಂತ ಹೆಚ್ಚು ಚಿಕ್ಕ ಬಟ್ಟಲು ಕುಡಿಯುವವರಲ್ಲಿ ಕ್ಯಾನ್ಸರ್ ತಡವಾಗಿ ಕಾಣಿಸಿಕೊಳ್ಳುವುದು ಕಂಡುಬಂದಿತು. ಆದರೆ 2001ರಲ್ಲಿ ಮಿಯಾಗಿ ಪ್ರಾಂತದ 26,311 ನಿವಾಸಿಗಳ ಮಾಹಿತಿಯನ್ನು ವಿಶ್ಲೇಷಿಸಿದ ತ್ಸುಬೊನೊ ಮತ್ತು ಸಂಗಡಿಗರಿಗೆ ಹಸಿರು ಚಹಾಕ್ಕೂ ಜಠರದ ಕ್ಯಾನ್ಸರಿಗೂ ಯಾವ ಸಂಬಂಧವೂ ಸಿಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿ, ಹಸಿರು ಚಹಾ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳ ಅಪಾಯವನ್ನು ಇಳಿಸುವ ಸಂಭವ ತೀರಾ ಕಡಿಮೆಯೆಂದು ಹೇಳಿತು. ಜಗತ್ತಿನ ಅಧ್ಯಯನಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ಸಮೀಕ್ಷೆಯು 142 ಅಧ್ಯಯನಗಳನ್ನೂ ಸುಮಾರು 11 ಲಕ್ಷ ಜನರ ಮಾಹಿತಿಯನ್ನೂ ಪರಿಶೀಲಿಸಿ, ಕ್ಯಾನ್ಸರ್ ತಡೆಗೆ ಸಂಬಂಧಿಸಿದ ಸಾಕ್ಷ್ಯಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಇಷ್ಟು ದೊಡ್ಡ ಪರಿಶ್ರಮದ ಬಳಿಕವೂ ಸ್ಪಷ್ಟ ಲಾಭ ಕಾಣದಿದ್ದರೆ, ಲಾಭ ಇದ್ದರೂ ಅಲ್ಪವೆಂದೇ ತಿಳಿಯಬೇಕಾಗುತ್ತದೆ.

ಹೃದಯದ ವಿಷಯದಲ್ಲಿ ಚಿತ್ರ ಹೆಚ್ಚು ಆಶಾದಾಯಕವಾಗಿದೆ. ಈಶಾನ್ಯ ಜಪಾನಿನ ಓಸಾಕಿ ಪ್ರದೇಶದಲ್ಲಿ 1994ರಲ್ಲಿ ಆರಂಭವಾಗಿ 40,530 ಜನರನ್ನು ಒಳಗೊಂಡ ಅಧ್ಯಯನವೊಂದರ ಫಲಿತಾಂಶವನ್ನು ಕುರಿಯಾಮಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ, ಒಂದು ಬಟ್ಟಲೂ ಪೂರ್ತಿ ಕುಡಿಯದವರಿಗಿಂತ, ಎಲ್ಲ ಕಾರಣಗಳ ಸಾವು ಹನ್ನೊಂದು ವರ್ಷಗಳಲ್ಲಿ ಶೇ. 16ರಷ್ಟೂ, ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಸಾವು ಏಳು ವರ್ಷಗಳಲ್ಲಿ ಶೇ. 26ರಷ್ಟೂ ಕಡಿಮೆಯಿತ್ತು, ಮಹಿಳೆಯರಲ್ಲಿ ಈ ಅಂತರ ಪುರುಷರಿಗಿಂತ ಹೆಚ್ಚಾಗಿತ್ತು, ಕ್ಯಾನ್ಸರ್ ಸಾವುಗಳಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಇಲ್ಲಿ ಬಟ್ಟಲೆಂದರೆ ಸುಮಾರು 100 ಮಿಲಿಲೀಟರ್ ಎಂಬುದನ್ನು ನೆನಪಿಡಬೇಕು, ಅಂದರೆ ಐದು ಬಟ್ಟಲು ಅರ್ಧ ಲೀಟರಾಯಿತು. ಈ ವಿವರವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಂಡು ದೊಡ್ಡ ಮಗ್ಗುಗಳಲ್ಲಿ ಐದು ಬಾರಿ ಕುಡಿಯುವ ಸಲಹೆ ಕೊಡುವವರು ಕಡಿಮೆಯಿಲ್ಲ. ಇಂತಹ ಅಧ್ಯಯನಗಳಿಗೆ ಇನ್ನೊಂದು ಮಿತಿಯೂ ಇದೆ. ಹೆಚ್ಚು ಚಹಾ ಕುಡಿಯುವವರ ಊಟ, ದುಡಿಮೆ, ನಿದ್ರೆ, ಒಡನಾಟಗಳೂ ಭಿನ್ನವಾಗಿರಬಹುದಾದ್ದರಿಂದ, ಗಣಿತದ ತಿದ್ದುಪಡಿಗಳ ನಂತರವೂ ಸಿಕ್ಕ ಲಾಭವೆಲ್ಲ ಚಹಾದ್ದೇ ಎಂದು ಹೇಳಲು ಬರುವುದಿಲ್ಲ. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿ ನಡೆಸುವ ಪ್ರಯೋಗಗಳಲ್ಲಿ ಕಾಣುವ ಲಾಭ ಚಿಕ್ಕದು: ಅಂತಹ 14 ಪ್ರಯೋಗಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕೆಟ್ಟ ಕೊಲೆಸ್ಟೆರಾಲ್ ಎಂದು ಕರೆಯುವ ಎಲ್‌ಡಿಎಲ್ ಇಳಿದದ್ದು ಡೆಸಿಲೀಟರಿಗೆ ಸುಮಾರು 2 ಮಿಲಿಗ್ರಾಂ ಮಾತ್ರ. ಔಷಧ ತೆಗೆದುಕೊಳ್ಳುತ್ತಿರುವವರು ಅದನ್ನು ಬಿಟ್ಟು ಚಹಾವನ್ನು ನೆಚ್ಚಿಕೊಳ್ಳಲು ಈ ಇಳಿಕೆ ಏನೇನೂ ಸಾಲದು.

ತೂಕ ಇಳಿಸುವ ಪಾನೀಯವೆಂಬ ಖ್ಯಾತಿಗೆ ಮೂಲ 1999ರಲ್ಲಿ ಪ್ರಕಟವಾದ, ಜಿನೀವಾದಲ್ಲಿ ಕೇವಲ ಹತ್ತು ಪುರುಷರ ಮೇಲೆ ನಡೆದ ಒಂದು ಪ್ರಯೋಗ. ಅದರಲ್ಲಿ ಹಸಿರು ಚಹಾದ ಸಾರ ಸೇವಿಸಿದ ದಿನ ದೇಹ ವ್ಯಯಿಸಿದ ಶಕ್ತಿ ಶೇ. 4ರಷ್ಟು ಹೆಚ್ಚಾಗಿತ್ತು. 2003ರಲ್ಲಿ ಜಪಾನಿನ ಕಾವೊ ಕಂಪನಿ 350 ಮಿಲಿಲೀಟರ್ ಬಾಟಲಿಯೊಂದರಲ್ಲಿ 540 ಮಿಲಿಗ್ರಾಂ ಕ್ಯಾಟೆಚಿನ್ ತುಂಬಿದ ಪಾನೀಯವನ್ನು ಮಾರುಕಟ್ಟೆಗೆ ತಂದಿತು. ಇದಾದ ಒಂದು ದಶಕದೊಳಗೆ, 2012ರ ಕಾಕ್ರೇನ್ ಸಮೀಕ್ಷೆ ಹಸಿರು ಚಹಾದಿಂದ ಆಗುವ ತೂಕದ ಇಳಿಕೆ ತೀರಾ ಅಲ್ಪವೆಂದೂ ವೈದ್ಯಕೀಯವಾಗಿ ಲೆಕ್ಕಕ್ಕೆ ಬರುವಂಥದ್ದಲ್ಲವೆಂದೂ ಹೇಳಿತು. ಸಕ್ಕರೆ ಮತ್ತು ಹಾಲು ಬೆರೆಸಿದ ಚಹಾವನ್ನು ದಿನಕ್ಕೆ ನಾಲ್ಕಾರು ಬಾರಿ ಕುಡಿಯುತ್ತಿದ್ದವರು ಸಕ್ಕರೆಯಿಲ್ಲದ ಹಸಿರು ಚಹಾಕ್ಕೆ ಬದಲಾದಾಗ ಒಂದಿಷ್ಟು ತೂಕ ಇಳಿಯುವುದುಂಟು. ಆ ಶ್ರೇಯಸ್ಸು ಸಲ್ಲಬೇಕಾದದ್ದು ಬಿಟ್ಟ ಸಕ್ಕರೆಗೆ.

ಹಸಿರು ಚಹಾದ ನಿಜವಾದ ಅಪಾಯ ಬೆಳಕಿಗೆ ಬಂದದ್ದು ಈ ತೂಕ ಇಳಿಸುವ ಉತ್ಸಾಹದ ಬೆನ್ನಿಗೇ. ಫ್ರಾನ್ಸ್ ಮತ್ತು ಸ್ಪೇನ್‌ಗಳಲ್ಲಿ ಮಾರಾಟವಾಗುತ್ತಿದ್ದ ಎಕ್ಸೊಲೀಸ್ ಎಂಬ ಹಸಿರು ಚಹಾ ಸಾರದ ಗುಳಿಗೆಯನ್ನು, ಅದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾದ ಮೇಲೆ, 2003ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆ ಬಳಿಕ ಅಮೆರಿಕದ ಮಿನ್ನೆಸೋಟದಲ್ಲಿ ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಒಂದು ವರ್ಷದ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 843 ಮಿಲಿಗ್ರಾಂ ಇಜಿಸಿಜಿ ಇರುವ ಗುಳಿಗೆಗಳನ್ನೂ ಉಳಿದವರಿಗೆ ಹುಸಿ ಗುಳಿಗೆಗಳನ್ನೂ ಕೊಡಲಾಯಿತು. ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಎಂಬ ಕಿಣ್ವವು ಹುಸಿ ಗುಳಿಗೆಯವರಲ್ಲಿ ಶೇಕಡ ಒಬ್ಬರಿಗೂ ಏರದಿದ್ದಾಗ, ಸಾರ ಸೇವಿಸಿದವರಲ್ಲಿ ನೂರಕ್ಕೆ ಐದಾರು ಮಂದಿಗೆ ಏರಿತ್ತು. ಖಾಲಿ ಹೊಟ್ಟೆಯಲ್ಲಿ ಸೇವಿಸಿದಾಗ ಇಜಿಸಿಜಿ ರಕ್ತಕ್ಕೆ ಹೆಚ್ಚು ಪ್ರಮಾಣದಲ್ಲಿ ಸೇರುವುದು, ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ಪ್ರಭೇದವಿರುವವರಿಗೆ ಅಪಾಯ ಹೆಚ್ಚಿರುವುದು ಇವೆರಡೂ ನಂತರದ ವರ್ಷಗಳಲ್ಲಿ ತಿಳಿದುಬಂದವು. 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು, ಕುದಿಸಿದ ನೀರಿನಲ್ಲಿ ನೆನೆಸಿ ಕುಡಿಯುವ ಚಹಾ ಸಾಮಾನ್ಯವಾಗಿ ನಿರಪಾಯವೆಂದೂ, ಗುಳಿಗೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಇಜಿಸಿಜಿ ಸೇವನೆ ಯಕೃತ್ತಿಗೆ ಹಾನಿಯ ಲಕ್ಷಣಗಳೊಂದಿಗೆ ಸಂಬಂಧ ಹೊಂದಿದೆಯೆಂದೂ ತಿಳಿಸಿತು. 2022ರಲ್ಲಿ ಯುರೋಪಿಯನ್ ಒಕ್ಕೂಟವು ಆ ಮಿತಿಯನ್ನು ಕಾನೂನಾಗಿಸಿ, ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದೆಂಬ ಎಚ್ಚರಿಕೆಯನ್ನು ಡಬ್ಬಿಗಳ ಮೇಲೆ ಕಡ್ಡಾಯಗೊಳಿಸಿತು. ಸಾರವಾದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದೆಂದಲ್ಲ: ಜನನಾಂಗದ ಹೊರಭಾಗದ ನರುಳ್ಳೆಗಳಿಗೆ ಹಚ್ಚುವ ಕ್ಯಾಟೆಚಿನ್ ಮುಲಾಮಿಗೆ 2006ರಲ್ಲಿ ಅಮೆರಿಕದಲ್ಲಿ ಔಷಧವೆಂದು ಮಂಜೂರಾತಿ ದೊರೆತಿದೆ.

ಬಟ್ಟಲಿನ ಚಹಾಕ್ಕೂ ತನ್ನದೇ ಆದ ತೊಡಕುಗಳಿವೆ. ಅದರಲ್ಲಿನ ಕೆಫೀನ್ ಕಾಫಿಗಿಂತ ಕಡಿಮೆಯಾದರೂ ರಾತ್ರಿಯ ನಿದ್ರೆಯನ್ನು ಕೆಡಿಸಬಲ್ಲದು. ಗರ್ಭಿಣಿಯರು ದಿನದ ಒಟ್ಟು ಕೆಫೀನನ್ನು 200 ಮಿಲಿಗ್ರಾಂ ಒಳಗೆ ಇಡಬೇಕೆಂಬ ಸಲಹೆಯ ಲೆಕ್ಕಕ್ಕೆ ಅದೂ ಸೇರುತ್ತದೆ. ರಕ್ತದೊತ್ತಡಕ್ಕೆ ಕೊಡುವ ನಾಡೊಲಾಲ್ ಎಂಬ ಔಷಧವು ಹಸಿರು ಚಹಾ ಕುಡಿಯುವವರ ರಕ್ತದಲ್ಲಿ ಶೇ. 85ರಷ್ಟು ಕಡಿಮೆಯಾದುದನ್ನು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯವು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ವರ್ಗೀಕರಿಸಿತು. ಅಲ್ಲಿ ದೋಷ ಬಿಸಿಯದು, ಚಹಾದ್ದಲ್ಲ.

ಕರ್ನಾಟಕದ ಓದುಗರಿಗೆ ಎಲ್ಲಕ್ಕಿಂತ ಹತ್ತಿರವಾದ ತೊಡಕು ಕಬ್ಬಿಣಾಂಶದ್ದು. 1975ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಪ್ರದೇಶದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಮಹಿಳೆಯರಿಗೆ ಅನ್ನ ಮತ್ತು ಆಲೂಗಡ್ಡೆ-ಈರುಳ್ಳಿಯ ಸಾರಿನ ಊಟದೊಂದಿಗೆ ಕಪ್ಪು ಚಹಾ ಕೊಟ್ಟು ಪರೀಕ್ಷಿಸಿದಾಗ, ಆ ಊಟದಿಂದ ದೇಹ ಹೀರಿಕೊಳ್ಳುವ ಕಬ್ಬಿಣಾಂಶ ತೀವ್ರವಾಗಿ ಕುಸಿಯಿತು. ಚಹಾದ ಒಗರು ವಸ್ತುಗಳು ಸಸ್ಯಾಹಾರದಲ್ಲಿನ ಕಬ್ಬಿಣದೊಂದಿಗೆ ಬೆಸೆದು, ಕರುಳಿನಲ್ಲಿ ಕರಗದ ಸಂಯುಕ್ತವಾಗುವುದೇ ಇದಕ್ಕೆ ಕಾರಣ. ಹಸಿರು ಚಹಾದ ಸಾರವೂ ಇದೇ ಬಗೆಯಲ್ಲಿ ಹೀರಿಕೆಯನ್ನು ಸುಮಾರು ಕಾಲು ಭಾಗ ತಗ್ಗಿಸಿದ್ದನ್ನು 2001ರ ಪ್ರಯೋಗವೊಂದು ತೋರಿಸಿತು. ಮಾಂಸಾಹಾರದಲ್ಲಿನ ಕಬ್ಬಿಣಕ್ಕೆ ಈ ತೊಂದರೆ ಕಡಿಮೆಯಾದ್ದರಿಂದ, ಪಾಶ್ಚಾತ್ಯ ಲೇಖನಗಳಲ್ಲಿ ಇದು ಒಂದು ಸಾಲಿನ ಟಿಪ್ಪಣಿಯಾಗಿ ಮುಗಿಯುತ್ತದೆ. ಅನ್ನ, ರಾಗಿ, ಬೇಳೆ, ಸೊಪ್ಪುಗಳಿಂದಲೇ ಕಬ್ಬಿಣ ಪಡೆಯುವ, 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗುರುತಿಸಿರುವ ರಾಜ್ಯದಲ್ಲಿ ಅದು ಟಿಪ್ಪಣಿಯ ವಿಷಯವಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿದ್ದರೆ ಈ ತಡೆ ಬಹಳಷ್ಟು ತಗ್ಗುತ್ತದೆಂಬುದು 2017ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗದಿಂದ ತಿಳಿದಿದೆ.

ಹಾಲು ಹಾಕಿದ ಚಹಾವನ್ನೇ ಮೆಚ್ಚುವವರು ಹಸಿರು ಚಹಾಕ್ಕೆ ಬದಲಾಗಲೇಬೇಕೆಂಬ ಒತ್ತಾಯಕ್ಕೂ ಆಧಾರ ಸಾಲದು. ಬ್ರಿಟನ್ನಿನ ಸುಮಾರು ಐದು ಲಕ್ಷ ಜನರ ಮಾಹಿತಿಯನ್ನು ಆಧರಿಸಿದ 2022ರ ಅಧ್ಯಯನದಲ್ಲಿ, ಬಹುಪಾಲು ಕಪ್ಪು ಚಹಾವನ್ನೇ ದಿನಕ್ಕೆ ಎರಡು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲೂ ಸಾವಿನ ಪ್ರಮಾಣ ಶೇ. 9ರಿಂದ 13ರಷ್ಟು ಕಡಿಮೆಯಿತ್ತು. ರುಚಿ ಹಿಡಿಸಿದವರು ಎರಡು ಮೂರು ಬಟ್ಟಲು ಹಸಿರು ಚಹಾವನ್ನು, ತುಸು ಆರಿದ ಮೇಲೆ, ಊಟದಿಂದ ದೂರವಿಟ್ಟು ಕುಡಿಯಬಹುದು. ಸಾರದ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು. ಗರ್ಭಿಣಿಯರೂ ಹದಿಹರೆಯದ ಹೆಣ್ಣುಮಕ್ಕಳೂ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ನೀರಿನೊಂದಿಗೇ ನುಂಗಬೇಕು. ಚಹಾ ಹಸಿರಾಗಿರಲಿ, ಹಾಲಿನದಾಗಿರಲಿ, ಗುಳಿಗೆ ನುಂಗಿದ ಒಂದು ಗಂಟೆಯ ಮೇಲೆ ಕುಡಿಯಲಿ.