ಸ್ವಿಫ್ಟ್ ಕರೆಂಟ್ ಬ್ರಾಂಕೋಸ್: ಒಂದು ಸಣ್ಣ ಊರಿನ ಐಸ್ ಹಾಕಿ ತಂಡ

ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ನೈಋತ್ಯದಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಊರಿದೆ. ಕಣ್ಣು ಹಾಯಿಸಿದಷ್ಟು ದೂರ ಗೋಧಿ ಹೊಲ, ಹುಲ್ಲುಗಾವಲು, ಮಧ್ಯೆ ಒಂದು ಹೆದ್ದಾರಿ, ಒಂದು ರೈಲು ಹಳಿ. ಊರಿನ ಜನಸಂಖ್ಯೆ ಹದಿನಾರು ಸಾವಿರ ದಾಟಿದ್ದೇ ದೊಡ್ಡದು. ಇಷ್ಟು ಸಣ್ಣ ಊರು ಹದಿಹರೆಯದ ಹುಡುಗರ ಒಂದು ಐಸ್ ಹಾಕಿ ತಂಡವನ್ನು ತನ್ನದೇ ಮನೆಯ ಮಕ್ಕಳೆಂಬಂತೆ ಸಾಕಿಕೊಂಡು ಬಂದಿದೆ. ಆ ತಂಡದ ಹೆಸರು ಬ್ರಾಂಕೋಸ್, ಅಂದರೆ ಪಳಗದ ಕುದುರೆಗಳು. ಕೆನಡಾದ ಜೂನಿಯರ್ ಹಾಕಿ ಕಂಡ ಅತ್ಯಂತ ದೊಡ್ಡ ಗೆಲುವುಗಳಲ್ಲೊಂದು, ಅತ್ಯಂತ ದಾರುಣ ಅಪಘಾತಗಳಲ್ಲೊಂದು ಮತ್ತು ಅತ್ಯಂತ ಹೇಯವಾದ ಅಪರಾಧ, ಮೂರೂ ಈ ಒಂದೇ ತಂಡದ ಚರಿತ್ರೆಯಲ್ಲಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಕಥೆ ಸುಳ್ಳಾಗುತ್ತದೆ.

ಊರಿನ ಸ್ವಭಾವ

1883ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಬಂದ ಮೇಲೆ ಬೆಳೆದ ಊರಿದು. ಪಕ್ಕದಲ್ಲಿ ಹರಿಯುವ ತೊರೆಯಿಂದ ಹೆಸರು ಬಂತು. ಪ್ರಾಂತ್ಯದ ರಾಜಧಾನಿ ರಿಜೈನಾ ಇಲ್ಲಿಂದ ಪೂರ್ವಕ್ಕೆ ಸುಮಾರು 240 ಕಿ.ಮೀ. ದೂರ. ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ಅಂಥ ಸಂಜೆಗಳಲ್ಲಿ ಊರಿಗೆ ಊರೇ ಸೇರುವ ಜಾಗ ಒಂದೇ, ಮಂಜುಗಡ್ಡೆಯ ಆಟದಂಗಳ, ಅಂದರೆ ಹಾಕಿ ರಿಂಕ್.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು, ತಂಡದ ಕಥೆಗೆ ಅದು ಬುನಾದಿ. 1946ರಲ್ಲಿ ಈ ಭಾಗದ ಜನ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು, ಎಲ್ಲರಿಗೂ ವೈದ್ಯರೂ ಆಸ್ಪತ್ರೆಯೂ ದೊರೆಯುವಂಥ ಒಂದು ವ್ಯವಸ್ಥೆ ಕಟ್ಟಿದರು. ಕೆನಡಾ ಇಂದು ಹೆಮ್ಮೆಪಡುವ ಸಾರ್ವಜನಿಕ ಆರೋಗ್ಯ ಯೋಜನೆಗೆ ಮಾದರಿಗಳಲ್ಲೊಂದಾಗಿ ನಿಂತದ್ದು ಇದೇ ಸ್ವಿಫ್ಟ್ ಕರೆಂಟ್ ಆರೋಗ್ಯ ವಲಯ. ಬೇಕಾದ್ದನ್ನು ಹತ್ತು ಜನ ಸೇರಿ ಮಾಡಿಕೊಳ್ಳುವುದು ಇಲ್ಲಿನವರ ರೂಢಿ. ಹಾಕಿ ತಂಡವನ್ನೂ ಅವರು ಹಾಗೆಯೇ ಪಡೆದುಕೊಂಡರು.

ಜೂನಿಯರ್ ಹಾಕಿ ಎಂದರೆ

ನಮಗೆ ಹಾಕಿ ಎಂದರೆ ಹುಲ್ಲಿನ ಅಥವಾ ಟರ್ಫ್ ಮೈದಾನ. ಕೆನಡಾದಲ್ಲಿ ಬರಿದೇ ಹಾಕಿ ಎಂದರೆ ಐಸ್ ಹಾಕಿ. ಇನ್ನೂರು ಅಡಿ ಉದ್ದದ ಮಂಜುಗಡ್ಡೆಯ ಅಂಗಳದಲ್ಲಿ ಗೋಲು ಕಾಯುವ ಗೋಲಿಯೂ ಸೇರಿ ಆರಾರು ಜನ ಸ್ಕೇಟ್ ಕಟ್ಟಿಕೊಂಡು ಇಳಿಯುತ್ತಾರೆ. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಇಪ್ಪತ್ತು ನಿಮಿಷದ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ.

ಹದಿನಾರರಿಂದ ಇಪ್ಪತ್ತರ ವಯಸ್ಸಿನ ಪ್ರತಿಭಾವಂತರು ಆಡುವ ಮೇಲುಮಟ್ಟದ ಆಟಕ್ಕೆ ಮೇಜರ್ ಜೂನಿಯರ್ ಎಂದು ಹೆಸರು. ದೇಶದಲ್ಲಿ ಇದಕ್ಕೆ ಮೂರು ಲೀಗ್‌ಗಳಿವೆ. ಪಶ್ಚಿಮ ಭಾಗದ್ದು ವೆಸ್ಟರ್ನ್ ಹಾಕಿ ಲೀಗ್, ಬ್ರಾಂಕೋಸ್ ಅದರ ಸದಸ್ಯ. ಮೂರೂ ಲೀಗ್‌ಗಳ ಚಾಂಪಿಯನ್‌ಗಳು ಮತ್ತು ಆತಿಥೇಯ ತಂಡ ಸೇರಿ ವರ್ಷದ ಕೊನೆಗೆ ಆಡುವ ಪಂದ್ಯಾವಳಿಯ ಹೆಸರು ಮೆಮೊರಿಯಲ್ ಕಪ್. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು.

ಆಟಗಾರರಲ್ಲಿ ಹೆಚ್ಚಿನವರು ಊರಿನವರಲ್ಲ. ಮನೆ ಬಿಟ್ಟು ಬಂದ ಹುಡುಗರನ್ನು ಊರಿನ ಕುಟುಂಬಗಳು ತಮ್ಮ ಮನೆಯಲ್ಲಿಟ್ಟುಕೊಂಡು ಊಟ ಹಾಕುತ್ತವೆ, ಶಾಲೆಗೆ ಕಳಿಸುತ್ತವೆ. ಇಂಥ ಮನೆಗಳಿಗೆ ಬಿಲೆಟ್ ಮನೆ ಎನ್ನುತ್ತಾರೆ. ಆ ಮನೆಯ ಅಮ್ಮನನ್ನು ಹುಡುಗರು ಬದುಕಿಡೀ ಮರೆಯುವುದಿಲ್ಲ. ಲೀಗಿನ ಊರುಗಳು ಒಂದಕ್ಕೊಂದು ದೂರ. ಅಮೆರಿಕದ ಪೋರ್ಟ್‌ಲ್ಯಾಂಡ್‌ನವರೆಗೂ ಬಸ್ಸಿನಲ್ಲೇ ಓಡಾಟ. ಇಡೀ ರಾತ್ರಿ ಬಸ್ಸಿನಲ್ಲಿ ಇಸ್ಪೀಟು, ನಿದ್ದೆ, ಶಾಲೆಯ ಪಾಠ. ಬಸ್ಸು ಅವರಿಗೆ ಎರಡನೇ ಮನೆ.

ಮೊದಲ ಏಳು ವರ್ಷ

ಬ್ರಾಂಕೋಸ್ ಈ ಲೀಗಿಗೆ ಸೇರಿದ್ದು 1967ರಲ್ಲಿ, ಲೀಗ್ ಹುಟ್ಟಿ ಒಂದು ವರ್ಷವಾಗಿತ್ತು. ಆ ಕಾಲದ ಆಟಗಾರರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಡೇವ್ ವಿಲಿಯಮ್ಸ್, ಎಲ್ಲರ ಬಾಯಲ್ಲೂ ಟೈಗರ್, ಮುಂದೆ ವೃತ್ತಿಪರ ಐಸ್ ಹಾಕಿಯ ಅತಿ ದೊಡ್ಡ ಲೀಗಾದ ಎನ್‌ಎಚ್‌ಎಲ್‌ನ ಚರಿತ್ರೆಯಲ್ಲೇ ಅತಿ ಹೆಚ್ಚು ಪೆನಾಲ್ಟಿ ನಿಮಿಷ, ಅಂದರೆ ತಪ್ಪಾಟಕ್ಕೆ ಹೊರಗೆ ಕೂರುವ ಶಿಕ್ಷೆ, ಅನುಭವಿಸಿದ ಒರಟ. ಇನ್ನೊಬ್ಬ ಬ್ರಯನ್ ಟ್ರಾಟಿಯೆ, ದಕ್ಷಿಣಕ್ಕಿರುವ ವಾಲ್ ಮರೀ ಎಂಬ ಹಳ್ಳಿಯ ಮೆಟಿ ಎಂಬ ಮೂಲನಿವಾಸಿ ಜನಾಂಗದ ಹುಡುಗ. ಮನೆಯ ನೆನಪು ತಡೆಯಲಾರದೆ ಟ್ರಾಟಿಯೆ ಆಟ ಬಿಟ್ಟು ಊರಿಗೆ ಹೋಗಿಬಿಟ್ಟಾಗ, ಟೈಗರ್ ಅವನ ಮನೆಗೇ ಹೋಗಿ ಕರೆತಂದ. ಆ ಹುಡುಗ ಮುಂದೆ ಆಟಗಾರನಾಗಿ ಆರು ಸಲ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದ. ಒರಟನೆಂದು ಹೆಸರಾದವನ ಒಳಗಿನ ಈ ಅಂತಃಕರಣ ನನಗೆ ಅವನ ದಾಖಲೆಗಿಂತ ದೊಡ್ಡದಾಗಿ ಕಾಣುತ್ತದೆ.

ಹೋದ ತಂಡ, ಮರಳಿದ ತಂಡ

1974ರಲ್ಲಿ ತಂಡ ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಜ್‌ಗೆ ಹೋಯಿತು. ದೊಡ್ಡ ಊರು, ಹೆಚ್ಚು ಪ್ರೇಕ್ಷಕರು, ಹೆಚ್ಚು ಟಿಕೆಟ್. ಹನ್ನೆರಡು ವರ್ಷ ಅದು ಲೆತ್‌ಬ್ರಿಜ್ ಬ್ರಾಂಕೋಸ್ ಆಗಿತ್ತು. ಹಾಕಿಯಲ್ಲಿ ಮನೆಮಾತಾದ ಸಟರ್ ಸೋದರರು, ಮುಂದೆ ಕೋಚ್ ಆಗಿ ಹೆಸರು ಮಾಡಿದ ಲಿಂಡಿ ರಫ್ ಅಲ್ಲೇ ಆಡಿದವರು.

1986ರಲ್ಲಿ ತಂಡ ಮಾರಾಟಕ್ಕೆ ಬಂದಾಗ ಸ್ವಿಫ್ಟ್ ಕರೆಂಟ್‌ನ ಜನ ಸೇರಿ ಅದನ್ನು ಕೊಂಡುಕೊಂಡರು. ಒಬ್ಬ ಶ್ರೀಮಂತನ ಸ್ವತ್ತಾಗಿ ಅಲ್ಲ, ಊರಿನ ಸ್ವತ್ತಾಗಿ. ಇಂದಿಗೂ ಅದು ಸಮುದಾಯದ ಒಡೆತನದಲ್ಲೇ ಇದೆ. ಲಾಭ ಬಂದರೆ ಯಾರ ಜೇಬಿಗೂ ಹೋಗುವುದಿಲ್ಲ, ನಷ್ಟವಾದರೆ ಊರೇ ತುಂಬಿಕೊಳ್ಳಬೇಕು. ಲೀಗಿನ ಅತಿ ಸಣ್ಣ ಊರಿನ ತಂಡ ಇಷ್ಟು ಕಾಲ ಉಳಿದಿರುವುದು ಈ ಏರ್ಪಾಟಿನಿಂದ. ತಂಡದ ತವರಿನ ರಿಂಕ್ ಮಾತ್ರ ಹಳೆಯದೇ, 1967ರಲ್ಲಿ ಸೆಂಟೆನಿಯಲ್ ಸಿವಿಕ್ ಸೆಂಟರ್ ಎಂಬ ಹೆಸರಿನಲ್ಲಿ ತೆರೆದದ್ದು. ಮೂರು ಸಾವಿರ ಜನ ಬಂದರೆ ತುಂಬಿಹೋಗುವ ಕಟ್ಟಡ.

1986ರ ಡಿಸೆಂಬರ್ 30

ತಂಡ ಮರಳಿ ಬಂದ ಮೊದಲ ಚಳಿಗಾಲ. ಅಂದು ರಿಜೈನಾದಲ್ಲಿ ಪಂದ್ಯ. ಬಸ್ಸು ಊರಿನ ಪೂರ್ವಕ್ಕೆ ಸ್ವಲ್ಪವೇ ದೂರ ಹೋಗಿತ್ತು. ಟ್ರಾನ್ಸ್-ಕೆನಡಾ ಹೆದ್ದಾರಿಯ ಮೇಲ್ಸೇತುವೆಯ ಬಳಿ ರಸ್ತೆಯ ಮೇಲೆ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಕೆಳಗಿನ ಡಾಂಬರು ಕಾಣುವಷ್ಟು ತೆಳು, ಹಾಗಾಗಿ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯವರು ಅದನ್ನು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಬಸ್ಸು ಜಾರಿ ರಸ್ತೆ ಬಿಟ್ಟಿತು, ಮೇಲಕ್ಕೆ ಚಿಮ್ಮಿ ಮಗ್ಗುಲಾಗಿ ಬಿತ್ತು.

ಹಿಂಬದಿಯಲ್ಲಿ ಇಸ್ಪೀಟಾಡುತ್ತಿದ್ದ ನಾಲ್ವರು ಸತ್ತರು. ಟ್ರೆಂಟ್ ಕ್ರೆಸ್‌ಗೆ ಇಪ್ಪತ್ತು, ಸ್ಕಾಟ್ ಕ್ರೂಗರ್ ಮತ್ತು ಕ್ರಿಸ್ ಮ್ಯಾಂಟಿಕಾಗೆ ಹತ್ತೊಂಬತ್ತು. ಬ್ರೆಂಟ್ ರಫ್‌ಗೆ ಬರೀ ಹದಿನಾರು, ಲಿಂಡಿ ರಫ್‌ನ ತಮ್ಮ ಅವನು.

ಊರಿನ ಪ್ರತಿ ಮನೆಗೂ ಸಾವು ಹೊಕ್ಕಂತಾಯಿತು. ಆ ಹುಡುಗರು ಯಾರದೋ ಬಿಲೆಟ್ ಮನೆಯವರು, ಯಾರದೋ ಮಗಳ ಸಹಪಾಠಿಗಳು, ಅಂಗಡಿಯಲ್ಲಿ ಮಾತಾಡಿಸುತ್ತಿದ್ದವರು. ಅವರಿಗಾಗಿ ಜನ ಸೇರಿ ಅತ್ತದ್ದು ಅವರು ಆಡುತ್ತಿದ್ದ ಅದೇ ರಿಂಕ್‌ನಲ್ಲಿ. ಉಳಿದ ಹುಡುಗರು ಕೆಲವೇ ದಿನಗಳಲ್ಲಿ ಮತ್ತೆ ಬಸ್ಸು ಹತ್ತಿ, ಮತ್ತೆ ಆಡಿ, ಆ ವರ್ಷವೇ ಲೀಗಿನ ಕೊನೆಯ ಹಂತವಾದ ಪ್ಲೇಆಫ್ ತಲುಪಿದರು. ಸತ್ತ ನಾಲ್ವರಿಗಾಗಿ ತಂಡ ಆರಿಸಿಕೊಂಡ ಗುರುತು ನಾಲ್ಕೆಲೆಯ ಕ್ಲೋವರ್ ಸೊಪ್ಪು. ಅಪರೂಪಕ್ಕೆ ಸಿಗುವ ಆ ನಾಲ್ಕೆಲೆಯನ್ನು ಪಶ್ಚಿಮದವರು ಅದೃಷ್ಟವೆಂದು ಎಣಿಸುತ್ತಾರೆ. ಅದನ್ನು ಜರ್ಸಿಯ ಮೇಲೆ ಹೊಲಿದುಕೊಂಡರು.

ಬದುಕಿದವರಲ್ಲಿ ಹದಿನೇಳರ ಜೋ ಸ್ಯಾಕಿಕ್ ಇದ್ದ. ಕ್ರೊಯೇಷಿಯಾದಿಂದ ವಲಸೆ ಬಂದವರ ಮಗ. ಗೋಲಿಗೂ ಗೋಲಾಗಿಸಿದ ಪಾಸಿಗೂ ಒಂದೊಂದರಂತೆ ಆ ವರ್ಷ 133 ಪಾಯಿಂಟ್, ಮರುವರ್ಷ 78 ಗೋಲು ಸೇರಿ 160 ಪಾಯಿಂಟ್ ಗಳಿಸಿದ. ಮುಂದೆ ಕೊಲರಾಡೊ ಅವಲಾಂಚ್‌ನ ನಾಯಕನಾಗಿ 1996 ಮತ್ತು 2001ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದ.

ಇಲ್ಲಿ ಒಂದು ಮಾತು ನಿಂತು ಹೇಳಬೇಕು. ಸ್ನೇಹಿತರು ಕಣ್ಣೆದುರಿಗೆ ಸತ್ತದ್ದನ್ನು ನೋಡಿದ ಆ ಮಕ್ಕಳಿಗೆ ಮನಸ್ಸಿನ ವೈದ್ಯರ ನೆರವು ಸಿಗಲಿಲ್ಲ. ಹೊರಗಿನವರು ಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂಬ ನಿಲುವು ತಂಡದ ಒಳಗಿತ್ತು. ಆಗ ಅದು ಗಟ್ಟಿತನವೆಂದು ಕಂಡಿತು. ಹತ್ತು ವರ್ಷದ ಮೇಲೆ ಅದಕ್ಕೆ ಬೇರೆಯೇ ಅರ್ಥ ಬಂತು.

1989ರ ಮೆಮೊರಿಯಲ್ ಕಪ್

ತಂಡ ಊರಿಗೆ ಮರಳಿ ಮೂರನೇ ಸೀಸನ್. ಬ್ರಾಂಕೋಸ್ 72 ಪಂದ್ಯಗಳಲ್ಲಿ 55 ಗೆದ್ದಿತು. ಪ್ಲೇಆಫ್‌ನಲ್ಲಿ ಆಡಿದ ಹನ್ನೆರಡು ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದಿತು. ಮೆಮೊರಿಯಲ್ ಕಪ್ ಆ ವರ್ಷ ಸಸ್ಕಟೂನ್‌ನಲ್ಲಿ ನಡೆಯಿತು, ಫೈನಲ್‌ನಲ್ಲಿ ಎದುರಾದದ್ದು ಆತಿಥೇಯ ಸಸ್ಕಟೂನ್ ಬ್ಲೇಡ್ಸ್. ನಿಗದಿತ ಸಮಯದಲ್ಲಿ ಸಮಬಲ. ಓವರ್‌ಟೈಮ್‌ನಲ್ಲಿ ಟಿಮ್ ಟಿಸ್ಡೇಲ್ ಹೊಡೆದ ಗೋಲಿನಿಂದ 4-3ಕ್ಕೆ ಗೆಲುವು.

ಗೋಲು ಕಾಯುತ್ತಿದ್ದವನು ಟ್ರೆವರ್ ಕ್ರೂಗರ್. ರಕ್ಷಣೆಯಲ್ಲಿ ಡಾರೆನ್ ಕ್ರೂಗರ್. ಇಬ್ಬರೂ ಬಸ್ಸಿನಲ್ಲಿ ಸತ್ತ ಸ್ಕಾಟ್‌ನ ಸೋದರರು. ಶೆಲ್ಡನ್ ಕೆನಡಿ, ಪೀಟರ್ ಸೋಬರ್‌ಲಾಕ್, ಬಾಬ್ ವಿಲ್ಕಿ ಆ ಬಸ್ಸಿನಲ್ಲಿ ಇದ್ದು ಬದುಕಿ, ಆ ಕಪ್ಪನ್ನು ಕೈಯಲ್ಲಿ ಹಿಡಿದವರು. ದೇಶಕ್ಕೆಲ್ಲ ಇದು ದುಃಖದಿಂದ ಎದ್ದು ನಿಂತ ಹುಡುಗರ ಕಥೆ. ತಂಡದ ಕೋಚ್ ಗ್ರಹಾಂ ಜೇಮ್ಸ್‌ನನ್ನು ಹಾಕಿಯ ಪ್ರಮುಖ ಪತ್ರಿಕೆಯೊಂದು ವರ್ಷದ ವ್ಯಕ್ತಿ ಎಂದು ಕರೆಯಿತು.

ಕಪ್ಪಿನ ಹಿಂದಿದ್ದ ಅಪರಾಧ

1996ರಲ್ಲಿ ಶೆಲ್ಡನ್ ಕೆನಡಿ ಕ್ಯಾಲ್ಗರಿ ಪೊಲೀಸರ ಮುಂದೆ ಕುಳಿತು ಸತ್ಯ ಹೇಳಿದ. ಹದಿಹರೆಯದಿಂದಲೇ, ವರ್ಷಗಟ್ಟಲೆ, ಗ್ರಹಾಂ ಜೇಮ್ಸ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ. ಕೆನಡಿ ಆಗ ಎನ್‌ಎಚ್‌ಎಲ್ ಆಟಗಾರ. ಗಂಡಸುತನದ ಬಗ್ಗೆ ಬಡಾಯಿ ಕೊಚ್ಚುವ ಒಂದು ಆಟದ ಒಳಗಿಂದ ಹೀಗೆ ಬಾಯಿಬಿಡಲು ಎಷ್ಟು ಎದೆಗಾರಿಕೆ ಬೇಕು! 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡ, ಮೂರೂವರೆ ವರ್ಷದ ಸೆರೆವಾಸವಾಯಿತು. ಅನಂತರ ಮತ್ತೊಬ್ಬ ಪ್ರಸಿದ್ಧ ಆಟಗಾರ ಥಿಯೊ ಫ್ಲ್ಯೂರಿ ಸೇರಿ ಇನ್ನೂ ಕೆಲವರು ಮುಂದೆ ಬಂದರು, ಇನ್ನೂ ಶಿಕ್ಷೆಗಳಾದವು. ಜೇಮ್ಸ್‌ಗೆ 2007ರಲ್ಲಿ ಸದ್ದಿಲ್ಲದೆ ಕ್ಷಮಾದಾನ ಸಿಕ್ಕಿತ್ತೆಂಬುದು 2010ರಲ್ಲಿ ಬಯಲಾದಾಗ ಜನ ರೊಚ್ಚಿಗೆದ್ದರು, ಕ್ಷಮಾದಾನದ ಕಾನೂನೇ ಬಿಗಿಯಾಯಿತು.

ಇದು ಹೇಗೆ ಸಾಧ್ಯವಾಯಿತು? ಉತ್ತರ ಜೂನಿಯರ್ ಹಾಕಿಯ ರಚನೆಯಲ್ಲೇ ಇದೆ. ಹುಡುಗ ಅಪ್ಪ ಅಮ್ಮನಿಂದ ನೂರಾರು ಕಿಲೋಮೀಟರ್ ದೂರ. ಅಂಗಳಕ್ಕೆ ಇಳಿಸುವವನು, ಕೂರಿಸುವವನು, ದೊಡ್ಡ ತಂಡದವರ ಕಿವಿಗೆ ಒಳ್ಳೆಯ ಮಾತು ಹಾಕುವವನು ಕೋಚ್ ಒಬ್ಬನೇ. ಅವನನ್ನು ಎದುರು ಹಾಕಿಕೊಂಡರೆ ಕನಸು ಮುಗಿಯಿತು. ಕೋಚ್ ಗೆಲ್ಲಿಸುತ್ತಿದ್ದಾನೆ, ಆದ್ದರಿಂದ ಊರು ಪ್ರಶ್ನೆ ಕೇಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಎಲ್ಲರೂ ಬಲ್ಲವನ ಮೇಲೆ ಅನುಮಾನ ಹುಟ್ಟುವುದೇ ಕಷ್ಟ. ಆ ಆಪ್ತತೆ 1986ರ ಚಳಿಗಾಲದಲ್ಲಿ ಊರನ್ನು ಕಾಪಾಡಿತು, ಅದೇ ಆಪ್ತತೆ ಒಬ್ಬ ಅಪರಾಧಿಗೆ ಮರೆಯೂ ಆಯಿತು. ಅಪಘಾತದ ನಂತರ ಹೊರಗಿನ ಮನೋವೈದ್ಯರು ಬಾರದೆ ಇದ್ದದ್ದಕ್ಕೂ ಇದಕ್ಕೂ ನಂಟಿದೆ ಎಂದು ಬದುಕುಳಿದವರು ಹೇಳಿದ್ದಾರೆ. ಮಕ್ಕಳು ಹೊರಗಿನವರ ಬಳಿ ಮನಸ್ಸು ಬಿಚ್ಚಿದರೆ ತನ್ನ ಗುಟ್ಟು ಹೊರಬೀಳುತ್ತದೆಂಬ ಭಯ ಕೋಚ್‌ಗಿತ್ತು.

ಕೆನಡಿ ಅಲ್ಲಿಗೆ ನಿಲ್ಲಲಿಲ್ಲ. 1998ರಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಕೆನಡಾದ ಉದ್ದಕ್ಕೂ ಸಾಗಿ, ದೌರ್ಜನ್ಯಕ್ಕೊಳಗಾದ ಮಕ್ಕಳ ಮಾತು ಎತ್ತಿದ. ಮುಂದೆ ಜೊತೆಗಾರನೊಬ್ಬನೊಂದಿಗೆ ಸೇರಿ ಕೋಚ್‌ಗಳಿಗೂ ತಂದೆತಾಯಿಯರಿಗೂ ತರಬೇತಿ ಕೊಡುವ ಸಂಸ್ಥೆ ಕಟ್ಟಿದ. ಕೆನಡಾದಲ್ಲಿ ಮಕ್ಕಳ ಹಾಕಿ ಕಲಿಸಲು ಬರುವವರು ಇಂದು ಆ ತರಬೇತಿ ಮುಗಿಸಿಯೇ ಬರಬೇಕು. ನನ್ನ ಎಣಿಕೆಯಲ್ಲಿ ಬ್ರಾಂಕೋಸ್ ಜರ್ಸಿ ತೊಟ್ಟವರೆಲ್ಲರಲ್ಲಿ ದೊಡ್ಡ ಆಟಗಾರ ಸ್ಯಾಕಿಕ್, ದೊಡ್ಡ ಮನುಷ್ಯ ಕೆನಡಿ.

2018ರ ವಸಂತ

1993ರಲ್ಲಿ ತಂಡ ಇನ್ನೊಮ್ಮೆ ಲೀಗ್ ಗೆದ್ದಿತ್ತು. ಆಮೇಲೆ ಇಪ್ಪತ್ತೈದು ವರ್ಷ ಕಾಯಬೇಕಾಯಿತು. 2018ರಲ್ಲಿ ಗ್ಲೆನ್ ಗಾಡಿನ್ ನಾಯಕ, ಗೋಲಿ ಸ್ಟುವರ್ಟ್ ಸ್ಕಿನರ್, ಕೋಚ್ ಮ್ಯಾನಿ ವಿವೇರೋಸ್. ಫೈನಲ್‌ನಲ್ಲಿ ಅಮೆರಿಕದ ಎವರೆಟ್ ತಂಡವನ್ನು ಆರು ಪಂದ್ಯಗಳಲ್ಲಿ ಸೋಲಿಸಿ ಮೂರನೇ ಸಲ ಚಾಂಪಿಯನ್ ಆಯಿತು. ರಿಜೈನಾದ ಮೆಮೊರಿಯಲ್ ಕಪ್‌ನಲ್ಲಿ ಮಾತ್ರ ಒಂದೂ ಪಂದ್ಯ ಗೆಲ್ಲಲಾಗಲಿಲ್ಲ.

ಆ ವಸಂತದ ನಡುವೆಯೇ, ಏಪ್ರಿಲ್ 6ರಂದು, ಹಳೆಯ ಗಾಯ ಮತ್ತೆ ಕಿತ್ತುಬಂತು. ಅದೇ ಪ್ರಾಂತ್ಯದ ಹಂಬೋಲ್ಟ್ ಎಂಬ ಇನ್ನೂ ಸಣ್ಣ ಊರಿನ ಜೂನಿಯರ್ ತಂಡದ ಹೆಸರೂ ಬ್ರಾಂಕೋಸ್. ಪ್ಲೇಆಫ್ ಪಂದ್ಯಕ್ಕೆ ಹೊರಟಿದ್ದ ಅವರ ಬಸ್ಸು ಅಡ್ಡರಸ್ತೆಯಲ್ಲಿ ಲಾರಿಯೊಂದಕ್ಕೆ ಡಿಕ್ಕಿಯಾಗಿ ಹದಿನಾರು ಮಂದಿ ಸತ್ತರು, ಹದಿಮೂರು ಮಂದಿ ಗಾಯಗೊಂಡರು. ದೇಶದ ತುಂಬ ಜನ ರಾತ್ರಿ ತಮ್ಮ ಮನೆಬಾಗಿಲಲ್ಲಿ ಹಾಕಿ ಸ್ಟಿಕ್ ಒರಗಿಸಿಟ್ಟು ದೀಪ ಹಚ್ಚಿದರು. ಸತ್ತವರಲ್ಲೊಬ್ಬ ಲೆತ್‌ಬ್ರಿಜ್‌ನ ಲೋಗನ್ ಬುಲೆ. ತನ್ನ ಅಂಗಾಂಗ ದಾನಕ್ಕೆ ಮೊದಲೇ ಹೆಸರು ಬರೆಸಿದ್ದ ಆ ಹುಡುಗನನ್ನು ನೋಡಿ ಲಕ್ಷಾಂತರ ಕೆನಡಿಯನ್ನರು ತಾವೂ ದಾನಿಗಳಾದರು. 1986ರ ಬಸ್ಸಿನಿಂದ ಬದುಕಿ ಬಂದಿದ್ದ ಕೆಲವರು, ಕೆನಡಿಯೂ ಸೇರಿ, ಹಂಬೋಲ್ಟ್‌ನವರ ಬಳಿ ಹೋದರು. ತಮಗೆ ಸಿಗದೇ ಹೋದ ನೆರವು ಈ ಹುಡುಗರಿಗೆ ಸಿಗಲಿ ಎಂಬುದು ಅವರ ಹಂಬಲ. ಹೊಸ ಹೆದ್ದಾರಿ ಬಸ್ಸುಗಳಲ್ಲಿ ಸೀಟ್ ಬೆಲ್ಟ್ ಇರಲೇಬೇಕೆಂಬ ಕೆನಡಾದ ನಿಯಮ 2020ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂತು.

ಹೆದ್ದಾರಿಯ ಬದಿಯಲ್ಲಿ

1986ರ ಅಪಘಾತಕ್ಕೆ ಮೂವತ್ತು ವರ್ಷ ತುಂಬಿದ ದಿನ, 2016ರ ಡಿಸೆಂಬರ್ 30ರಂದು, ಬಸ್ಸು ಬಿದ್ದ ಜಾಗದ ಹತ್ತಿರ ನಾಲ್ವರ ಸ್ಮಾರಕ ಅನಾವರಣಗೊಂಡಿತು. ಲೀಗಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿಗೂ ಅವರದೇ ಹೆಸರು, ಫೋರ್ ಬ್ರಾಂಕೋಸ್ ಮೆಮೊರಿಯಲ್ ಟ್ರೋಫಿ. 2018ರಲ್ಲೂ ಪಂದ್ಯಗಳಿಗೆ ಹೊರಟ ತಂಡದ ಬಸ್ಸು ರಿಜೈನಾ ಕಡೆ ಸಾಗಿದ್ದು ಅದೇ ಹೆದ್ದಾರಿಯಲ್ಲಿ, ಆ ಮೇಲ್ಸೇತುವೆಯನ್ನು ದಾಟಿಕೊಂಡೇ.