ಖಾನಾವಳಿ

(ನಾ.) ದುಡ್ಡು ಕೊಟ್ಟು ಮನೆಯಂಥ ಊಟ ಉಣ್ಣುವ ಜಾಗ. ಮರಾಠಿಯ ‘ಖಾಣಾವಳ’ದಿಂದ ಬಂದದ್ದು, ‘ಖಾಣೆ’ ಎಂದರೆ ತಿನ್ನುವುದು. ಬಾಲದಲ್ಲಿರುವುದು ದೀಪಾವಳಿಯ ‘ಆವಳಿ’ ಅಲ್ಲ. ಮರಾಠಿಯಲ್ಲಿ ಹೊಲಿಗೆಯ ಕೂಲಿ ‘ಶಿವಣಾವಳ’, ಬೀಸುವ ಕೂಲಿ ‘ದಳಣಾವಳ’. ನಮ್ಮ ಪದವೂ ಅದೇ ಕುಲದ್ದು. ಮಹಾರಾಷ್ಟ್ರದ ಗಡಿಗೆ ಅಂಟಿದ ಆಳಂದ, ಅಫಜಲಪುರಗಳಲ್ಲಿ, ಇತ್ತ ಜೇವರ್ಗಿಯಲ್ಲೂ ಇದು ಮನೆಮಾತು: ‘ಖಾನಾವಳ್ಯಾಗ ಉಂಡು ಬರ್ತೀನ್ರಿ.’ ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ತಟ್ಟೆಯ ಅಂಚಿಗೆ ಹಸಿ ಉಳ್ಳಾಗಡ್ಡಿ. ಚಹಾ ಕೇಳಿದರೆ ಪಕ್ಕದ ಹೋಟೆಲಿಗೆ ಕೈ ತೋರಿಸಬಹುದು, ಏಕೆಂದರೆ ಹೋಟೆಲೇ ಬೇರೆ, ಖಾನಾವಳಿಯೇ ಬೇರೆ. ಮಹಾನಗರಗಳಲ್ಲಿ ಪಾಸ್ತಾ ಬಡಿಸುವವರು ಫಲಕಕ್ಕೆ ಬರೆಸುವ ‘ಟ್ರಟೋರಿಯಾ’ ಇಟಲಿಯಲ್ಲಿ ಇಂಥದ್ದೇ ಸಾದಾ ಊಟದ ಮನೆ. ಅದಕ್ಕೆ ಕನ್ನಡ ಬೇಕಿದ್ದರೆ ‘ಉಪಾಹಾರ ಗೃಹ’ ಬೇಡ, ಖಾನಾವಳಿ ಎಂದೇ ಬರೆಯಿರಿ.